ನಾಲ್ಕು ಬೆರಳಿನ ಸಡಿಲ

ಭಾವನ ಕಾರು ರಸ್ತೆ ಬದಿಯ ಮರಳಿನ ರಾಶಿಗೆ ನುಗ್ಗಿದ ಸಂಜೆ ಅಕ್ಕ ನನಗೆ ಫೋನ್ ಮಾಡಿದಳು. ಅವಳ ದನಿಯಲ್ಲಿ ಗಾಬರಿ ಇರಲಿಲ್ಲ, ಸುಸ್ತಿತ್ತು.

"ಯಾರಿಗೂ ಏನೂ ಆಗಿಲ್ಲ ಕಣೋ. ಬಂಪರ್ ಒಂಚೂರು ಸೊಟ್ಟ ಆಗಿದೆ, ಅಷ್ಟೇ. ಆದ್ರೆ ಇಲ್ಲಿ ಅಪ್ಪ ಮಗ ಇಬ್ರೂ ಮುಖ ಊದಿಸ್ಕೊಂಡು ಕೂತಿದ್ದಾರೆ. ನೀನಾದ್ರೂ ಬಂದು ಏನಾದ್ರೂ ಹೇಳು."

ನಾನು ಹೋದೆ. ಜಗಳ ಬಿಡಿಸುವುದು ನನ್ನ ಕಸುಬಲ್ಲ. ಲಾರಿಗಳ ಸ್ಟೀರಿಂಗು, ಆಕ್ಸಲು ರಿಪೇರಿ ಮಾಡುವ ಶೆಡ್ಡು ನನ್ನದು. ಅಲ್ಲಿ ಇಬ್ಬರು ಜಗಳಕ್ಕೆ ನಿಂತರೆ, ಮೊದಲು ಸುತ್ತಿಗೆ ಕೆಳಗಿಡಿ, ಆಮೇಲೆ ಬೈದಾಡಿ ಅಂತ ಹೇಳಿದರೆ ಮುಗಿಯಿತು. ಮನೆಯ ಜಗಳದಲ್ಲಿ ಯಾರ ಕೈಯಲ್ಲಿ ಯಾವ ಸುತ್ತಿಗೆ ಇದೆ ಎಂಬುದೇ ತಿಳಿಯುವುದಿಲ್ಲ.

ಭಾವ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಪ್ಯಾಂಟಿನ ಅಂಚಿಗೆ ಇನ್ನೂ ಮರಳು ಅಂಟಿತ್ತು. ಅಕ್ಕನ ಮಗ ಊಟದ ಮೇಜಿಗೆ ಒರಗಿ ನಿಂತಿದ್ದ. ಕಾರಿನ ಕೀ ಅವನ ಅಂಗಿ ಜೇಬಿನಲ್ಲಿತ್ತು, ಜೇಬಿನ ಮೇಲೆ ಅವನ ಕೈಯಿತ್ತು.

"ಮಾಮ, ನೀವೇ ಹೇಳಿ," ಅಂದ ಅವನು. "ಮೊದಲು ಹಾಲಿನ ವ್ಯಾನಿನ ಕನ್ನಡಿ ಹೋಯ್ತು. ಆಮೇಲೆ ಎದುರು ಮನೆ ಗೇಟು. ಇವತ್ತು ಮರಳು. ನಾಳೆ ಯಾರೋ ಮನುಷ್ಯ. ಅಲ್ಲಿವರೆಗೂ ಕಾಯಬೇಕಾ ನಾವು?"

"ಸ್ಟೀರಿಂಗ್‌ನಲ್ಲಿ ಪ್ಲೇ ಇದೆ, ಸಡಿಲ," ಅಂದರು ಭಾವ, ಕಿಟಕಿಯ ಕಡೆಗೇ ನೋಡುತ್ತ. "ನೂರು ಸಲ ಹೇಳಿದೀನಿ. ನಾನು ತಿರುಗಿಸೋದೊಂದು, ಅದು ಹೋಗೋದೊಂದು."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ."

ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ತಿಳಿಯಿತು, ಯಾರಿಗೆ ಏನು ಅಂದೆ ಅಂತ. ಅಕ್ಕ ಕೈಯಲ್ಲಿದ್ದ ಲೋಟವನ್ನು ಸದ್ದಾಗುವಂತೆ ಮೇಜಿನ ಮೇಲಿಟ್ಟಳು. ಭಾವ ತಿರುಗಿ ಮಗನನ್ನು ಒಮ್ಮೆ ನೋಡಿದರು. ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು, ಅವರು ಮಾಡಿಕೊಳ್ಳಲಿಲ್ಲ.

ಊರಲ್ಲಿ ಅರ್ಧ ಜನಕ್ಕೆ ಡ್ರೈವಿಂಗ್ ಕಲಿಸಿದವರು ನಮ್ಮ ಭಾವ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲಡಿಗೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲಿಂದ ಇವರು ಕಾಲು ತೆಗೆದದ್ದನ್ನು ಯಾರೂ ಕಂಡವರಿಲ್ಲ. ಅದಕ್ಕೇ ಅವರಿಗೆ ಬ್ರೇಕ್ ಮೇಷ್ಟ್ರು ಅಂತ ಹೆಸರು. ನನಗೆ ಕಲಿಸಿದ್ದೂ ಅವರೇ. ಅಕ್ಕನನ್ನು ಮದುವೆಯಾದ ಹೊಸತರಲ್ಲಿ ಭಾಮೈದನ ಮೇಲೆ ಪ್ರೀತಿ ತೋರಿಸಲು ಕಲಿಸಿದರು, ಮೊದಲ ದಿನವೇ ಕತ್ತೆ ಅಂತ ಬೈದರು. ಆದರೆ ದುಡಿದ ಅಷ್ಟೂ ವರ್ಷ ಅವರು ಕೂತದ್ದು ಪಕ್ಕದ ಸೀಟಿನಲ್ಲಿ. ಬೇರೆಯವರು ಓಡಿಸಬೇಕು, ಇವರು ಗುಂಡಿಗೆ ಕೈಯಲ್ಲಿ ಹಿಡಿದು ಕೂರಬೇಕು. ಅವರ ಕೈಗೆ ಸ್ಟೀರಿಂಗ್ ಅಂತ ಸಿಗುತ್ತಿದ್ದುದು ಈ ಒಂದು ಕಾರಿನಲ್ಲಿ ಮಾತ್ರ. ದುಂಡು ಮೂತಿಯ, ಸೋಫಾದಂಥ ಸೀಟಿನ, ಬಣ್ಣ ಮಾಸಿದ ಹಸಿರು ಕಾರು. ಆ ಮಾದರಿಯ ಕಾರು ಮಾಡುವುದನ್ನು ಕಂಪನಿ ನಿಲ್ಲಿಸಿ ಒಂದು ತಲೆಮಾರೇ ಆಗಿದೆ. ಭಾವ ದಿನಾ ಸಂಜೆ ಅಕ್ಕನನ್ನು ಕೂರಿಸಿಕೊಂಡು ಊರಾಚೆಯ ಕೆರೆಯ ತನಕ ಹೋಗಿ ಬರುತ್ತಿದ್ದರು. ಕೆಲಸವಿದೆಯೆಂದೂ ಹೋಗುತ್ತಿರಲಿಲ್ಲ, ಕೆಲಸವಿಲ್ಲವೆಂದೂ ಹೋಗುತ್ತಿರಲಿಲ್ಲ. ಓಡಿಸಬೇಕು ಅಂತ ಹೋಗುತ್ತಿದ್ದರು.

ಹಾಗಂತ ಹುಡುಗನದೂ ತಪ್ಪಲ್ಲ. ಅವನದು ಔಷಧಿ ಅಂಗಡಿ. ತಲೆಗೆ, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡವರನ್ನು ದಿನವಿಡೀ ನೋಡುತ್ತಾನೆ. ಮನೆಗೆ ಬರುವಾಗ ತಲೆ ತುಂಬ ಅದೇ ಇರುತ್ತದೆ.

ನನ್ನ ಪಾಡು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾಯಿತು. ಕೊನೆಗೆ ಇಬ್ಬರೂ ಒಪ್ಪಿದ್ದು ಒಂದೇ ಮಾತಿಗೆ. ಸ್ಟೀರಿಂಗ್ ಬಿಚ್ಚಿ ನೋಡುವವನು ನಾನು. ಕೆಟ್ಟಿದ್ದರೆ ಪೂರ್ತಿ ಸರಿ ಮಾಡುವವನೂ ನಾನೇ. ಆಮೇಲೆ ಭಾವ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಲ್ಲಿ ಒಂದು ಸುತ್ತು ಹೊಡೆಯಬೇಕು. ನೇರ ಓಡಿಸಿದರೆ ಕೀ ಅವರದು, ಮತ್ತೆ ಯಾರೂ ಚಕಾರ ಎತ್ತುವಂತಿಲ್ಲ. ಓಡಿಸದಿದ್ದರೆ ಕಾರು ಮಾರಾಟಕ್ಕೆ.

"ಮಾಮ, ನೀವು ಸುಳ್ಳು ಹೇಳಬಾರದು," ಅಂದ ಸೋದರಳಿಯ ಬಾಗಿಲಲ್ಲಿ, ಮೆಲ್ಲಗೆ. "ಅವರ ಮೇಲಿನ ಮರುಕಕ್ಕೂ ಹೇಳಬಾರದು, ನನ್ನ ಸಮಾಧಾನಕ್ಕೂ ಹೇಳಬಾರದು."

"ಕಬ್ಬಿಣದ ವಿಷಯದಲ್ಲಿ ನಾನು ಸುಳ್ಳು ಹೇಳಲ್ಲ ಕಣೋ," ಅಂದೆ. ಉಳಿದ ವಿಷಯಗಳ ಬಗ್ಗೆ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಾರನೆಯ ದಿನ ಕಾರನ್ನು ಶೆಡ್ಡಿಗೆ ತಂದವನು ನಾನೇ. ತರುವಷ್ಟರಲ್ಲಿ ಅಂಗೈ ಬೆವೆತಿತ್ತು. ನೇರ ರಸ್ತೆಯಲ್ಲಿ ಕಾರು ತನ್ನ ಪಾಡಿಗೆ ತಾನು ಆ ಬದಿಗೊಮ್ಮೆ ಈ ಬದಿಗೊಮ್ಮೆ ಹೋಗುತ್ತಿತ್ತು. ತಿರುವಿನಲ್ಲಿ ತಿರುಗಿಸಿದ ಸ್ಟೀರಿಂಗ್ ತಾನಾಗಿ ವಾಪಸು ಬರುತ್ತಿರಲಿಲ್ಲ, ಎಳೆದು ತರಬೇಕಿತ್ತು. ಶೆಡ್ಡಿನಲ್ಲಿ ಭಾವನನ್ನು ಸೀಟಿನಲ್ಲಿ ಕೂರಿಸಿ, ಸುಮ್ಮನೆ ಆಚೆ ಈಚೆ ಅಲ್ಲಾಡಿಸಿ ಅಂದು, ನಾನು ಕೆಳಗೆ ಮಲಗಿ ನೋಡಿದೆ. ಮೇಲೆ ಅವರು ಸ್ಟೀರಿಂಗನ್ನು ನಾಲ್ಕು ಬೆರಳಗಲ ತಿರುಗಿಸಿದ ಮೇಲೆ ಕೆಳಗೆ ಚಕ್ರಕ್ಕೆ ಸುದ್ದಿ ಮುಟ್ಟುತ್ತಿತ್ತು.

"ಭಾವ, ಇದರಲ್ಲಿ ನೀವು ಇಷ್ಟು ದಿನ ಓಡಾಡಿದ್ದೇ ಪವಾಡ!" ಅಂತ ಕೆಳಗಿನಿಂದಲೇ ಕೂಗಿದೆ.

"ಹೇಳು, ಹಾಗೇ ಅವನಿಗೂ ಫೋನ್ ಮಾಡಿ ಹೇಳು," ಅಂದರು ಮೇಲಿನಿಂದ. ಅವರ ದನಿ ಹಿಗ್ಗಿದ್ದು ಕೇಳಿ ನನಗೂ ಖುಷಿಯಾಯಿತು.

ಸ್ಟೀರಿಂಗಿನ ಹಲ್ಲುಗಳು ಕೂತಿರುವ ಪೆಟ್ಟಿಗೆ ಬಿಚ್ಚುವುದು ಸುಲಭವಾಗಲಿಲ್ಲ. ಸ್ಟೀರಿಂಗ್ ಪೆಟ್ಟಿಗೆಯಿಂದ ಚಕ್ರದ ಕಡೆಗೆ ಹೋಗುವ ತೋಳೊಂದಿದೆ, ಅದು ತನ್ನ ಶಾಫ್ಟಿಗೆ ಅಂಟಿದ್ದು ಅಂಟಿದಂತೆಯೇ ಇತ್ತು. ಎಳೆದು ಕೀಳುವ ಪುಲ್ಲರ್ ಹಾಕಿ ಬಿಗಿದೆ, ಕಾಯಿಸಿದೆ, ಹೊಡೆದೆ, ನನಗೆ ಗೊತ್ತಿರುವ ಬೈಗುಳವನ್ನೆಲ್ಲ ಬೈದೆ. ಕೊನೆಗೆ ನಾನು ಬೇಸತ್ತು ಬೀಡಿ ಹಚ್ಚಿದಾಗ ತಾನಾಗಿ ಟಣ್ಣೆಂದು ಬಿಟ್ಟುಕೊಂಡಿತು. ನಮ್ಮ ಕಸುಬಿನಲ್ಲಿ ಹೀಗೇ. ಕಬ್ಬಿಣಕ್ಕೂ ಮರ್ಯಾದೆ ಬೇಕು, ಎದುರಿಗೆ ನಿಂತು ಒತ್ತಾಯ ಮಾಡಿದರೆ ಕೊಡುವುದಿಲ್ಲ.

ಮುಚ್ಚಳ ತೆಗೆದು ನೋಡಿದೆ. ನನ್ನ ತಲೆ ಬಿಸಿಯಾಯಿತು. ಎಣ್ಣೆ ಇರಬೇಕಾದ ಕಡೆ ಗಟ್ಟಿ ಗ್ರೀಸು ತುಂಬಿತ್ತು. ಗ್ರೀಸು ಹಾಕಿದರೆ ಹಲ್ಲುಗಳು ಅದನ್ನು ಪಕ್ಕಕ್ಕೆ ತಳ್ಳಿ ತಾವು ಒಣಗಿಕೊಂಡೇ ಉಜ್ಜಾಡುತ್ತವೆ. ಎಣ್ಣೆಯಾದರೆ ಹರಿದು ಬಂದು ಮತ್ತೆ ಹಲ್ಲಿಗೆ ತಾಗುತ್ತದೆ.

"ಯಾರು ಈ ಘನಂದಾರಿ ಕೆಲಸ ಮಾಡಿದ ಪುಣ್ಯಾತ್ಮ?"

ಭಾವ ಗೋಡೆಯ ಮೇಲಿದ್ದ ಸ್ಪ್ಯಾನರುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಭಾವ."

"ಎಣ್ಣೆ ಸೋರ್ತಿತ್ತು ಕಣಯ್ಯ. ಮನೆ ಮುಂದೆ ಕಲೆ ಆಗುತ್ತೆ ಅಂತ ನಿನ್ನ ಅಕ್ಕ ದಿನಾ ರಾಗ ತೆಗೀತಿದ್ಲು. ಗ್ರೀಸ್ ಆದ್ರೆ ಸೋರಲ್ಲ ಅಂತ..."

"ಮತ್ತೆ ಈ ಸ್ಕ್ರೂ? ಇದನ್ನ ಈ ಪಾಟಿ ಬಿಗಿದಿದ್ದು?"

"ಸಡಿಲ ಅನ್ನಿಸಿದಾಗೆಲ್ಲ ಒಂದೊಂದು ಸ್ವಲ್ಪ..."

ನನಗೆ ಈ ಜಗತ್ತಿನಲ್ಲಿ ಆಗದವರು ಎಂದರೆ ಸ್ಕ್ರೂ ತಿರುಗಿಸುವವರು. ಪೆಟ್ಟಿಗೆಯೊಳಗೆ ಏನಾಗಿದೆ ಅಂತ ನೋಡುವುದಿಲ್ಲ, ಮೇಲೊಂದು ಸ್ಕ್ರೂ ಕಂಡರೆ ಸಾಕು. ಅವರನ್ನು ಕೂರಿಸಿ ತೋರಿಸಿದೆ. ಸ್ಟೀರಿಂಗ್ ಕಂಬದ ತುದಿಯಲ್ಲಿ ಸುರುಳಿ ಹಲ್ಲಿನ ಒಂದು ಉಕ್ಕಿನ ತುಂಡಿರುತ್ತದೆ, ಅದಕ್ಕೆ ವರ್ಮ್ ಅಂತ ಹೆಸರು. ಅದರ ಹಲ್ಲಿನ ನಡುವೆ ಒಂದು ರೋಲರ್ ಕೂತಿರುತ್ತದೆ. ವರ್ಮ್ ತಿರುಗಿದರೆ ರೋಲರ್ ಸರಿಯುತ್ತದೆ, ಚಕ್ರವನ್ನು ಎಳೆಯುತ್ತದೆ. ಮನುಷ್ಯ ಹೆಚ್ಚಾಗಿ ಓಡಿಸುವುದು ನೇರವಾಗಿ, ಹಾಗಾಗಿ ಸವೆಯುವುದು ವರ್ಮಿನ ನಡುಭಾಗ ಮಾತ್ರ. ಎರಡು ತುದಿಗಳು ಹೊಸದರ ಹಾಗೇ ಉಳಿದಿರುತ್ತವೆ. ಮೇಲಿನ ಸ್ಕ್ರೂ ರೋಲರನ್ನು ವರ್ಮಿಗೆ ಒತ್ತಿ ಹಿಡಿಯುತ್ತದೆ. ಸಡಿಲವಾಯಿತು ಅಂತ ಅದನ್ನು ಬಿಗಿದರೆ ಸವೆದ ನಡುವಿಗೆ ಆಗುವ ಉಪಕಾರ ಅಷ್ಟಕ್ಕಷ್ಟೇ, ಸವೆಯದ ತುದಿಗಳು ಮಾತ್ರ ಕಚ್ಚಿಕೊಳ್ಳುತ್ತವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಮರಳಿನ ರಾಶಿಯ ಹತ್ತಿರ ಆದದ್ದೂ ಅದೇ. ತಿರುವಿನಲ್ಲಿ ಸ್ಟೀರಿಂಗ್ ಕಚ್ಚಿಕೊಂಡಿತು, ಬಿಡಿಸಿಕೊಳ್ಳುವಷ್ಟರಲ್ಲಿ ಮರಳು ಬಂತು.

"ಅಂದ್ರೆ ನಂದೇ ತಪ್ಪು," ಅಂದರು ಭಾವ.

"ಸ್ಕ್ರೂ ತಿರುಗಿಸಿದ್ದು ನಿಮ್ಮ ತಪ್ಪು. ಓಡಿಸಿದ್ದು ನಿಮ್ಮ ತಪ್ಪಲ್ಲ."

ಅವರು ಸವೆದ ವರ್ಮನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಅದರ ನಡುವನ್ನು ಸವರುತ್ತ ಕೂತರು. "ಇಷ್ಟು ನೇರ ಓಡಿಸಿದೀನಲ್ಲ," ಅಂದರು ತಮ್ಮಷ್ಟಕ್ಕೆ.

ಹೊಸ ವರ್ಮ್ ಎಲ್ಲಿಂದ ತರುವುದು? ಗುಜರಿಯಲ್ಲಿ ಸಿಗುವ ಪೆಟ್ಟಿಗೆಗಳೂ ನಡುವಲ್ಲೇ ಸವೆದಿರುತ್ತವೆ. ಜಗತ್ತಿನ ಎಲ್ಲ ಕಾರುಗಳೂ ನೇರವೇ ಓಡಿರುತ್ತವಲ್ಲ. ಭಾವನೂ ನಾನೂ ಗುಜರಿಯಿಂದ ಗುಜರಿಗೆ ಅಲೆದೆವು. ಎಷ್ಟೋ ಪೆಟ್ಟಿಗೆ ಬಿಚ್ಚಿ ನೋಡಿ ಬೈಸಿಕೊಂಡೆವು. ಕೊನೆಗೆ ಒಬ್ಬ ಗುಜರಿಯವನು, ತಲೆ ಕೆರೆದುಕೊಂಡು, ಒಂದು ಫೋಟೋ ಸ್ಟುಡಿಯೋದಲ್ಲಿ ಜನ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳಲು ಇಟ್ಟು, ಆಮೇಲೆ ಗುಜರಿಗೆ ಹಾಕಿದ್ದ ಇದೇ ಮಾದರಿಯ ಕಾರನ್ನು ತೋರಿಸಿದ. ಅದು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಬಿಚ್ಚಿ ನೋಡಿದರೆ ವರ್ಮ್ ಕನ್ನಡಿಯಂತೆ ಹೊಳೆಯುತ್ತಿತ್ತು. ರೋಲರಿನ ಮೇಲೆ ಒಂದು ಚುಕ್ಕೆ ತುಕ್ಕಿರಲಿಲ್ಲ.

ಅಕ್ಕನಿಗೆ ಹೇಳಿದಾಗ ನಕ್ಕಳು. "ನಿಂತ ಕಾರು ಸವೆಯಲ್ಲ, ಕೂತ ಗಂಡಸು ಸವೆದೇ ಹೋಗ್ತಾನೆ. ಬೇಗ ಮುಗಿಸ್ರೋ. ಸಂಜೆಯಾದ್ರೆ ಇವರು ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಜಾರಕ್ಕೆ ಗಸ್ತು ತಿರುಗ್ತಾರೆ. ನೋಡೋಕಾಗಲ್ಲ."

ಕೆಲಸ ಶುರುವಾದ ಮೇಲೆ ಭಾವ ದಿನಾ ಶೆಡ್ಡಿಗೆ ಬಂದರು. ಶಾಫ್ಟ್ ಕೂರುವ ಲೋಹದ ಬಳೆ, ಅಂದರೆ ಹಳೆ ಬುಷ್, ಸವೆದು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಕಂಚಿನಂಥ ಗನ್‌ಮೆಟಲ್ ತುಂಡನ್ನು ಲೇತಿಗೆ ಕೊಟ್ಟು ಹೊಸದು ಮಾಡಿದೆ. ಒತ್ತಿ ಕೂರಿಸಿ, ರೀಮರ್ ಹಾಕಿ ಒಳಗನ್ನು ತುಸುತುಸುವೇ ಕೆರೆದೆ. ಶಾಫ್ಟ್ ಅಂಗೈಯ ಒತ್ತಡಕ್ಕೆ ಒಳಗೆ ಹೋಗಬೇಕು, ಹೋದ ಮೇಲೆ ಅಲ್ಲಾಡಬಾರದು. ಆತುರಗಾರನ ಕೆಲಸವಲ್ಲ ಇದು. ಒಮ್ಮೆ ಹೆಚ್ಚು ಕೆರೆದರೆ ಬುಷ್ ಕಸದ ಬುಟ್ಟಿಗೆ. ಅಂಥ ಹೊತ್ತಿನಲ್ಲೇ ಭಾವ ಪಕ್ಕದಲ್ಲಿದ್ದ ಸೀಮೆಎಣ್ಣೆ ತಟ್ಟೆಯನ್ನು ಒದ್ದುಬಿಟ್ಟರು. ತೊಳೆದಿಟ್ಟ ಬೇರಿಂಗು, ನಟ್ಟು, ಬೋಲ್ಟೆಲ್ಲ ನೆಲದ ಪಾಲಾದವು.

"ಕಣ್ಣು ಎಲ್ಲಿಟ್ಟಿದೀರಿ ಭಾವ? ಇಷ್ಟು ದೊಡ್ಡ ತಟ್ಟೆ!"

"ಕಾಣಲಿಲ್ಲ ಕಣಯ್ಯ," ಅಂದು ಮೊಣಕಾಲೂರಿ ಒಂದೊಂದೇ ಆರಿಸತೊಡಗಿದರು. ನಾನು ಬೈದುಕೊಂಡು ನನ್ನ ಕೆಲಸ ಮುಂದುವರಿಸಿದೆ.

ಕೊನೆಯ ಹಂತದಲ್ಲಿ ಮಾತ್ರ ಅವರನ್ನು ಬೈಯುವ ಪ್ರಸಂಗ ಬರಲಿಲ್ಲ. ಪೆಟ್ಟಿಗೆ ಜೋಡಿಸಿ ಬೆಂಚಿನ ಮೇಲಿಟ್ಟು, ಈ ತುದಿಯಿಂದ ಆ ತುದಿಗೆ ಎಷ್ಟು ಸುತ್ತು ಅಂತ ಎಣಿಸಿ, ಅದರ ಅರ್ಧಕ್ಕೆ ತಂದು ನಿಲ್ಲಿಸಬೇಕು. ಆ ನಟ್ಟನಡುವೆ ನಿಂತೇ ಸ್ಕ್ರೂ ಸರಿ ಮಾಡಬೇಕು. ಅಲ್ಲಿ ಒಂದು ಸಣ್ಣ ಬಿಗಿ ಕೈಗೆ ತಾಗಬೇಕು, ಅದನ್ನು ದಾಟಿದ ಕೂಡಲೇ ಸಡಿಲಾಗಬೇಕು. ನಾನು ತಿರುಗಿಸಿ ನೋಡಿದೆ, ಸರಿಯಾಗಿದೆ ಅಂದೆ. ಭಾವ ನನ್ನನ್ನು ಪಕ್ಕಕ್ಕೆ ಸರಿಸಿ ತಾವು ಹಿಡಿದರು. ಕಣ್ಣು ಮುಚ್ಚಿಕೊಂಡು ಆಚೆ ಈಚೆ ತಿರುಗಿಸಿದರು.

"ಇನ್ನೊಂದು ಕೂದಲೆಳೆಯಷ್ಟು ಬಿಡು. ನಡುವಲ್ಲಿ ಕೈ ತಡೀತಿದೆ, ಕೂರ್ತಿಲ್ಲ."

ಬಿಟ್ಟೆ. ಮತ್ತೆ ಹಿಡಿದು ನೋಡಿದೆ. ಅವರು ಹೇಳಿದ್ದೇ ಸರಿ. ನಲವತ್ತು ವರ್ಷದ ಕೈ ಅದು. ಅದಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಬಾಯಲ್ಲಿ ಮಾತ್ರ, "ಸ್ಕ್ರೂ ನಾನೇ ತಿರುಗಿಸ್ತೀನಿ, ನೀವು ಮುಟ್ಟಬೇಡಿ," ಅಂದೆ.

ಪೆಟ್ಟಿಗೆ ಕಾರಿಗೆ ಕೂರಿಸಿ, ಹೊಸ ಸೀಲ್ ಹಾಕಿ, ಎಣ್ಣೆ ತುಂಬಿ, ನಾನೊಮ್ಮೆ ಓಡಿಸಿ ನೋಡಿದೆ. ಕಾರು ಗೆರೆ ಎಳೆದ ಹಾಗೆ ಹೋಯಿತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮುಚ್ಚಿದ ಕಾರ್ಖಾನೆಯೊಂದರ ಹಿಂದಿನ ಬಯಲಿಗೆ ಹೋಗಿ ಭಾವನಿಗೆ ಸ್ಟೀರಿಂಗ್ ಕೊಟ್ಟೆ.

ಅವರು ಓಡಿಸಿದರು. ಕಾರು ಕುಡುಕನ ಹಾಗೆ ಆಚೆಗೊಮ್ಮೆ ಈಚೆಗೊಮ್ಮೆ ವಾಲಾಡುತ್ತ ಹೋಯಿತು. ಮೊದಲಿಗಿಂತ ಕಡೆ.

ಬಯಲಿನ ಆ ಕೊನೆಯಲ್ಲಿ ನಿಲ್ಲಿಸಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತರು. ಮುಖ ಸತ್ತುಹೋಗಿತ್ತು. "ಹುಡುಗ ಹೇಳಿದ್ದು ನಿಜ ಕಣೋ," ಅಂದರು. "ನೆಲ ನೆಟ್ಟಗೇ ಇದೆ."

ಆ ಮಾತು ಕೇಳಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಾನು ಇಷ್ಟು ಕಷ್ಟಪಟ್ಟದ್ದು ಈ ಮಾತು ಕೇಳುವುದಕ್ಕಲ್ಲ. ಮತ್ತೊಮ್ಮೆ ಓಡಿಸಿ ಅಂದು ಈ ಸಲ ರಸ್ತೆ ನೋಡದೆ ಅವರ ಕೈಗಳನ್ನೇ ನೋಡಿದೆ. ತಕ್ಷಣ ತಿಳಿಯಿತು. ಆ ಕೈಗಳು ಒಂದು ಗಳಿಗೆ ಸುಮ್ಮನಿರಲಿಲ್ಲ. ಆ ಕಡೆ ನಾಲ್ಕು ಬೆರಳು, ಈ ಕಡೆ ನಾಲ್ಕು ಬೆರಳು, ಗರಗಸ ಆಡಿಸುವ ಹಾಗೆ ಆಡುತ್ತಲೇ ಇದ್ದವು. ವರ್ಷಗಟ್ಟಲೆ ಸಡಿಲವಾದ ಸ್ಟೀರಿಂಗನ್ನು ಹೀಗೆ ಆಡಿಸಿಯೇ ಅವರು ಕಾರನ್ನು ನೇರ ಇಟ್ಟುಕೊಂಡಿದ್ದರು. ಆಗ ಆ ಆಟವನ್ನೆಲ್ಲ ಸಡಿಲವೇ ನುಂಗಿಬಿಡುತ್ತಿತ್ತು. ಈಗ ಸಡಿಲವಿಲ್ಲ, ಕೈ ಅಲ್ಲಾಡಿದಷ್ಟೂ ಕಾರು ಅಲ್ಲಾಡುತ್ತಿತ್ತು. ನೆಲ ಡೊಂಕಾಗಿದ್ದದ್ದೂ ನಿಜ, ಡೊಂಕು ನೆಲದ ಮೇಲೆ ಇವರು ಚೆನ್ನಾಗಿ ಕುಣಿದದ್ದೂ ನಿಜ. ನೆಲ ನೆಟ್ಟಗಾದ ಮೇಲೆ ಎಡವುತ್ತಿದ್ದರು.

"ಕೈ ಸುಮ್ಮನಿಡಿ!" ಅಂತ ಕಿರುಚಿದೆ.

"ಸುಮ್ಮನಿಟ್ರೆ ಕಾರು ಎಲ್ಲಿಗೋ ಹೋಗುತ್ತೆ!"

"ಹೋಗಲಿ, ನಾನು ನೋಡ್ಕೋತೀನಿ. ಎರಡು ಬೆರಳಲ್ಲಿ ಹಿಡೀರಿ. ಬಿಗಿಯಾಗಿ ಹಿಡಿಯೋದಕ್ಕೆ ಅದೇನು ಕಳ್ಳನ ಕುತ್ತಿಗೆನಾ?"

ನನಗೆ ಕಲಿಸಿದ ಮೇಷ್ಟ್ರಿಗೆ ನಾನು ಬೈದು ಕಲಿಸುತ್ತಿದ್ದೆ. ಅವರು ಬೈಸಿಕೊಂಡು ಕಲಿತರು. ಆ ವಾರವೆಲ್ಲ ಬೆಳಗಾದರೆ ಬಯಲಿಗೆ ಹೋದೆವು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಇದು ಹುಟ್ಟುಗುಣವಲ್ಲವಲ್ಲ, ರೂಢಿ. ಮೊದಲು ಹೆಬ್ಬೆರಳು ಸುಮ್ಮನಾಯಿತು, ಆಮೇಲೆ ಮಣಿಕಟ್ಟು, ಕೊನೆಗೆ ಮೊಣಕೈ. ಒಂದು ಬೆಳಿಗ್ಗೆ ಅವರು ಬಯಲಿನ ಈ ಕೊನೆಯಿಂದ ಆ ಕೊನೆಗೆ ಹೋಗಿ ತಿರುಗಿ ಬಂದು ನಿಲ್ಲಿಸಿದರು. ಇಳಿದು ನೋಡಿದರೆ ಧೂಳಿನಲ್ಲಿ ಚಕ್ರದ ಗುರುತು ದಾರ ಹಿಡಿದಷ್ಟು ನೇರವಾಗಿತ್ತು. ಭಾವ ಅದನ್ನು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಮದುವೆಯ ಹೊಸತರಲ್ಲಿ ಕಂಡಿದ್ದ ನಗುವನ್ನು ಅವತ್ತು ಮತ್ತೆ ಅವರ ಮುಖದಲ್ಲಿ ಕಂಡೆ.

ಪರೀಕ್ಷೆಯ ದಿನ ಮಗ ಪಕ್ಕದಲ್ಲಿ ಕೂತ, ನಾನು ಹಿಂದೆ ಕೂತೆ. ದೊಡ್ಡ ರಸ್ತೆಯಲ್ಲಿ ಹೋದೆವು, ಸೇತುವೆ ದಾಟಿದೆವು, ಸಿಗ್ನಲ್ಲಿನಲ್ಲಿ ನಿಂತೆವು, ಚೌಕ ಸುತ್ತಿದೆವು. ಕಾರು ಒಂದಂಗುಲ ಅತ್ತಿತ್ತ ಆಗಲಿಲ್ಲ. ಮೊದಮೊದಲು ಮಗ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದ. ಸೇತುವೆ ದಾಟಿದ ಮೇಲೆ ಆ ಕೈ ಸಡಿಲವಾಯಿತು. ಚೌಕದ ಹತ್ತಿರ ಅವನು ಮಾತಿಗೇ ಶುರು ಮಾಡಿದ್ದ. ತನ್ನ ಅಂಗಡಿಯ ಮುಂದೆ ಇಳಿಯುವಾಗ ಕಿಟಕಿಯೊಳಗೆ ತಲೆ ಹಾಕಿ, "ಅಪ್ಪ, ಕೀ ನಿಮ್ಮದೇ. ಸೋತೆ," ಅಂದ. ಸೋತವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿಲ್ಲ.

ನಾನು ಮುಂದಿನ ಸೀಟಿಗೆ ಬಂದೆ. ಭಾವ ಅಂಗಡಿ ಸಾಲಿನ ಬೀದಿಯಲ್ಲಿ ಮನೆಯ ಕಡೆ ತಿರುಗಿಸಿದರು. ಬಾಯಲ್ಲಿ ಏನೋ ಗುನುಗುತ್ತಿದ್ದರು. ಬೀದಿಯ ನಡುವೆ ನನ್ನ ಬದಿಯ ಸಂದಿಯಿಂದ ಬಣ್ಣ ಹೊಡೆಯುವವನೊಬ್ಬ ಹೆಗಲ ಮೇಲೆ ಏಣಿ ಹೊತ್ತು ರಸ್ತೆಗೇ ಇಳಿದುಬಿಟ್ಟ. ನನ್ನ ಕಾಲು ತಾನಾಗಿ ನೆಲವನ್ನು ಒತ್ತಿತು. ಭಾವ ವೇಗ ಇಳಿಸಲಿಲ್ಲ, ಒಂದಿಷ್ಟೂ ಪಕ್ಕಕ್ಕೆ ಎಳೆಯಲಿಲ್ಲ. ಬಣ್ಣದವನು ಹಿಂದಕ್ಕೆ ಹಾರಿದ. ಏಣಿಯ ತುದಿ ನನ್ನ ಕಿಟಕಿಯಿಂದ ಒಂದು ಗೇಣು ದೂರದಲ್ಲಿ ಹಾದುಹೋಯಿತು.

ತಿರುಗಿ ನೋಡಿದೆ, ಬಣ್ಣದವನಿಗೆ ಏನೂ ಆಗಿರಲಿಲ್ಲ. ಆಮೇಲೆ ಮೆಚ್ಚುಗೆಯೇ ಆಯಿತು ಅನ್ನಿ. "ಏನು ಎದೆಗಾರಿಕೆ ಭಾವ! ನಾನಾಗಿದ್ರೆ ಬ್ರೇಕ್ ಮೇಲೆ ನಿಂತುಬಿಡ್ತಿದ್ದೆ. ಆ ಏಣಿಯವನು ಹಿಂದಕ್ಕೆ ಹಾರ್ತಾನೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಯಾವ ಏಣಿ?" ಅಂದರು.

ನಾನು ತಿರುಗಿ ಅವರ ಮುಖ ನೋಡಿದೆ. ಅವರು ಗುನುಗುವುದನ್ನು ನಿಲ್ಲಿಸಿದರು. ಸ್ವಲ್ಪ ಮುಂದೆ ಒಂದು ಮರದ ನೆರಳಿನಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿದರು.

"ತಮಾಷೆ ಮಾಡ್ತಿದೀಯಾ?"

"ಇಲ್ಲ ಭಾವ."

"ನೇರ ನೋಡ್ತೀನಿ. ನಿನ್ನ ಕೈನ ನನ್ನ ಕಿವಿ ಹಿಂದಿನಿಂದ ಮುಂದಕ್ಕೆ ತಾ. ಕಂಡಾಗ ಹೇಳ್ತೀನಿ."

ಹೊಸದಾಗಿ ಕಲಿಯಲು ಬಂದವರಿಗೆಲ್ಲ ಅವರು ಈ ಪರೀಕ್ಷೆ ಮಾಡುತ್ತಿದ್ದರಂತೆ. ಅವರು ಮುಂದಿನ ಗಾಜಿನಾಚೆ ದಿಟ್ಟಿಸಿದರು. ನಾನು ಕೈಯನ್ನು ಅವರ ಕಿವಿಯ ಹತ್ತಿರದಿಂದ ನಿಧಾನವಾಗಿ ಮುಂದಕ್ಕೆ ತಂದೆ. ಕೆನ್ನೆ ದಾಟಿತು. ಮೂಗಿನ ನೇರಕ್ಕೆ ಬಂತು. ಹೇಳಿ ಭಾವ, ಹೇಳಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಕೈ ಇನ್ನೇನು ಮುಂದಿನ ಗಾಜಿಗೆ ತಾಗಬೇಕು ಅನ್ನುವಾಗ, "ಹಾಂ, ಈಗ," ಅಂದರು. ಕೈ ಎಲ್ಲಿದೆ ಅಂತ ತಿರುಗಿ ನೋಡಿದರು. ಅದನ್ನು ತಾವೇ ಹಿಡಿದು ಕೆಳಗಿಳಿಸಿದರು.

"ಕಣ್ಣಿಗೆ ಪೊರೆ ಬಂದಿರಬೇಕು ಭಾವ. ಆಪರೇಷನ್ ಮಾಡಿದ್ರೆ ಹೋಗುತ್ತೆ. ನಾಳೆನೇ ಡಾಕ್ಟರ್ ಹತ್ರ ಹೋಗೋಣ."

"ಪೊರೆ ಆದ್ರೆ ಎದುರಿನದೂ ಮಂಜಾಗುತ್ತೆ. ನನಗೆ ಎದುರಿಗೆ ಆ ಬೋರ್ಡಿನ ಅಕ್ಷರ ಎಲ್ಲಾ ಕಾಣುತ್ತೆ. ಪಕ್ಕ ಇಲ್ಲ. ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು, ಹೋದ ಕಣ್ಣು ಮತ್ತೆ ಬರಲಿಲ್ಲ." ಅವರು ಸ್ಟೀರಿಂಗಿನ ಮೇಲೆ ಕೈಯಾಡಿಸಿದರು. "ಹಾಲಿನ ವ್ಯಾನು, ಗೇಟು, ಎಲ್ಲಾ ನೀನೀಗ ಕೂತಿರೋ ಎಡಗಡೆನೇ ಅಲ್ವಾ ತಾಗಿದ್ದು? ನಾನು ಸುಳ್ಳು ಹೇಳಲಿಲ್ಲ ಕಣೋ. ಸ್ಟೀರಿಂಗ್ ಅಂತಾನೇ ನಂಬಿದ್ದೆ."

"ಸ್ಟೀರಿಂಗೂ ಕೆಟ್ಟಿತ್ತಲ್ಲ. ನಾನೇ ನೋಡಿದೀನಿ."

"ಕೆಟ್ಟಿತ್ತು. ಈಗ ಸರಿಯಾಗಿದೆ. ಈಗ ಯಾರ ಮೇಲೆ ಹಾಕ್ಲಿ?"

ನನಗೆ ಅಳು ಬಂತು. ಕಬ್ಬಿಣದ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ ಅಂತ ಜಂಬ ಕೊಚ್ಚಿಕೊಂಡಿದ್ದೆ. ಈಗ ನನಗೆ ಸುಳ್ಳು ಹೇಳಬೇಕು ಅನ್ನಿಸುತ್ತಿತ್ತು. ನನ್ನನ್ನು ಕೇಳಿದ್ದು ಸ್ಟೀರಿಂಗ್ ಬಗ್ಗೆ, ಕಣ್ಣಿನ ಬಗ್ಗೆ ಯಾರು ಕೇಳಿದ್ದರು? ಸಂಜೆ ಕೆರೆಯ ತನಕ ಖಾಲಿ ರಸ್ತೆಯಲ್ಲಿ ಹೋಗಿ ಬ‌ರುವ ಮನುಷ್ಯನಿಂದ ಯಾರಿಗೇನು ಆಗಿಬಿಡುತ್ತದೆ? ಇಷ್ಟನ್ನೂ ಯೋಚಿಸಿದೆ. ಆದರೆ ಏಣಿಯವನು ಹಿಂದಕ್ಕೆ ಹಾರಿದ್ದು ಕಣ್ಣಿನಿಂದ ಹೋಗಲಿಲ್ಲ.

"ಅವನಿಗೆ ಹೇಳ್ತೀಯಾ?" ಅಂತ ಕೇಳಿದರು.

"ನೀವು ಹೇಳಬೇಡ ಅಂದ್ರೆ..." ಅಂದೆ. ಅಲ್ಲಿಗೇ ಮಾತು ನಿಂತಿತು. ಮುಂದೇನು ಹೇಳುತ್ತಿದ್ದೆ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಅವರು ಬಾಗಿಲು ತೆಗೆದು ಇಳಿದರು. ಕಾರನ್ನು ಸುತ್ತಿ ನನ್ನ ಬದಿಗೆ ಬಂದು, "ಸರಿ, ಆ ಕಡೆ ಹೋಗು," ಅಂದರು. ಮನೆಯ ತನಕ ನಾನೇ ಓಡಿಸಿದೆ.

ಮಧ್ಯಾಹ್ನ ಊಟಕ್ಕೆ ಮಗ ಬಂದ. ಬಾಗಿಲಲ್ಲೇ ಚಪ್ಪಲಿ ಕಳಚುತ್ತ ಅಮ್ಮನಿಗೆ ಎಲ್ಲವನ್ನೂ ವರ್ಣಿಸಿದ: ಸೇತುವೆ, ಚೌಕ, ಒಂದಂಗುಲ ಅಲ್ಲಾಡದ ಕಾರು. ಆಮೇಲೆ ಅಪ್ಪನ ಮುಂದೆ ಬಂದು ನಿಂತು, ದನಿ ತಗ್ಗಿಸಿ, "ಅವತ್ತು ನಾನು ಹಾಗೆ ಅನ್ನಬಾರದಿತ್ತು ಅಪ್ಪ. ತಪ್ಪಾಯ್ತು," ಅಂದ.

ಭಾವ ಜೇಬಿನಿಂದ ಕೀ ತೆಗೆದು ಅವನ ಕಡೆ ಚಾಚಿದರು.

"ಇದೇನಪ್ಪ? ಇನ್ನೂ ಸಿಟ್ಟಾ?"

"ಸಿಟ್ಟಲ್ಲ." ಅವರು ಏಣಿಯ ಕತೆ ಹೇಳಿದರು. ನನ್ನ ಕೈ ಎಲ್ಲಿಯವರೆಗೆ ಬಂದಾಗ ಕಂಡಿತು ಎಂಬುದನ್ನು ಗಾಳಿಯಲ್ಲಿ ತಮ್ಮ ಕೈ ಇಟ್ಟು ತೋರಿಸಿದರು. ಪಾಠ ಹೇಳುವಾಗಿನ ದನಿಯಲ್ಲೇ ಹೇಳಿದರು. ಅಡುಗೆಮನೆಯಲ್ಲಿ ಅಕ್ಕ ನಲ್ಲಿ ನಿಲ್ಲಿಸಿದಳು.

ಕೀ ಇನ್ನೂ ಚಾಚಿದ ಕೈಯಲ್ಲೇ ಇತ್ತು. ಅದನ್ನು ಕಸಿದುಕೊಳ್ಳಲು ತಿಂಗಳುಗಟ್ಟಲೆ ಜಗಳ ಆಡಿದ್ದ ಹುಡುಗ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಕಟ್ಟಿಕೊಂಡ.

"ಬೇಡಪ್ಪ. ನೀವೇ ಇಟ್ಕೊಳ್ಳಿ. ಮೆಲ್ಲಗೆ ಓಡಿಸಿದ್ರೆ ಆಯ್ತು. ಪಕ್ಕದಲ್ಲಿ ಅಮ್ಮ ಇರ್ತಾಳೆ, ನೋಡಿ ಹೇಳ್ತಾಳೆ. ಬರೀ ಕೆರೆ ತನಕ ತಾನೇ? ಅಲ್ಲಿ ಯಾರಿರ್ತಾರೆ? ಮಾಮ, ಹೇಳಿ ನೀವು. ಕಾರು ಸರಿಯಾಗಿದೆ ತಾನೇ?"

"ಕಾರು ಸರಿಯಾಗಿದೆ," ಅಂದೆ.

ಭಾವ ಎದ್ದರು. ಮಗನ ಬೆನ್ನ ಹಿಂದಿನಿಂದ ಅವನ ಕೈಯನ್ನು ಮುಂದಕ್ಕೆ ಎಳೆದು, ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯಲ್ಲಿ ಕೀ ಇಟ್ಟು ಮತ್ತೆ ಮುಚ್ಚಿದರು. ಆ ಮುಷ್ಟಿಯನ್ನು ತಮ್ಮ ಎರಡು ಕೈಗಳಲ್ಲಿ ಹಿಡಿದುಕೊಂಡೇ ನಿಂತರು.

"ಕ್ಲಚ್ ಮೇಲೆ ಕಾಲಿಟ್ಕೊಂಡು ಓಡಿಸ್ಬೇಡ," ಅಂದರು. "ನಿಂಗೆ ಆ ಚಾಳಿ ಇದೆ."

ಅವನು ಹೂಂ ಅಂದು, ಬೆನ್ನ ಹಿಂದೆ ಉಳಿದಿದ್ದ ಇನ್ನೊಂದು ಕೈಯನ್ನೂ ತಂದು ಅಪ್ಪನ ಕೈಗಳ ಮೇಲಿಟ್ಟ.